ಸಿಗ್ನಲ್ ಸಿಗದ ಕಡೆ ಸತ್ಯವೇದ ಅಧ್ಯಯನ: ನನಗೆ ಒಗ್ಗಿದ ಆ್ಯಪ್

ವ್ಯಾಖ್ಯಾನದ ಜೊತೆ ಸತ್ಯವೇದ ಓದಲು ನನಗೆ ಇಷ್ಟವಾದದ್ದು ಆ್ಯಂಡ್ ಬೈಬಲ್. ದುಡ್ಡು ಕೊಟ್ಟು ತೆಗೆದುಕೊಂಡಿದ್ದ ಇನ್ನೊಂದು ಆ್ಯಪ್‌ನ ಚಂದಾ ಈ ವರ್ಷ ಕಟ್ಟಲಿಲ್ಲ. ಯೂವರ್ಷನ್ ಎಂಬ ಸತ್ಯವೇದ ಆ್ಯಪ್ ಕೂಡ ಫೋನಿನಲ್ಲಿ ಉಳಿದಿದೆ, ಅದರ ಕೆಲಸ ಬೇರೆ.

ಚಂದಾ ಆ್ಯಪ್‌ನಲ್ಲಿ ಪುಸ್ತಕಗಳಿಗೇನೂ ಕೊರತೆ ಇರಲಿಲ್ಲ. ಈಚಿನ ವಿದ್ವಾಂಸರ ವ್ಯಾಖ್ಯಾನಗಳು, ನಕ್ಷೆಗಳು ಎಲ್ಲ ಚೆನ್ನಾಗಿದ್ದವು. ಕಾರವಾರ ಪೇಟೆಯಲ್ಲಿ ಕೂತು ಓದಿದರೆ ಯಾವ ತೊಂದರೆಯೂ ಗೊತ್ತಾಗುವುದಿಲ್ಲ. ಆದರೆ ನಮ್ಮ ಸತ್ಯವೇದ ಅಧ್ಯಯನ ಕೂಟ ಸೇರುವುದು ಕದ್ರಾ ಕಡೆಯ ಒಂದು ಮನೆಯಲ್ಲಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ.

ಅಲ್ಲಿ ಯೋಹಾನ 4ನೇ ಅಧ್ಯಾಯ ಓದುತ್ತಿದ್ದೆವು. ಯೇಸು ಬಾವಿಯ ಹತ್ತಿರ ಸಮಾರ್ಯದ ಹೆಂಗಸಿನಲ್ಲಿ ನೀರು ಕೇಳುವ ಭಾಗ. "ಯೆಹೂದ್ಯರಿಗೂ ಸಮಾರ್ಯದವರಿಗೂ ಯಾಕೆ ಅಷ್ಟು ದೂರ, ಅಕ್ಕೋರೇ?" ಎಂದು ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ವ್ಯಾಖ್ಯಾನ ತೆರೆದರೆ, ಚಂದಾ ಪರಿಶೀಲಿಸಬೇಕು, ಮತ್ತೆ ಲಾಗಿನ್ ಆಗಿ ಎಂದಿತು. ಲಾಗಿನ್‌ಗೆ ಒಟಿಪಿ ಬೇಕು. ಸಿಗ್ನಲ್ ಇಲ್ಲದೆ ಒಟಿಪಿ ಎಲ್ಲಿಂದ ಬರಬೇಕು? ಪುಸ್ತಕ ಡೌನ್‌ಲೋಡ್ ಆಗಿ ನನ್ನ ಫೋನಿನಲ್ಲೇ ಇತ್ತು, ಆದರೂ ಓದಲು ಬಿಡಲಿಲ್ಲ. ಹಾಗಾಗಿದ್ದು ಅದೊಂದೇ ಸಲ ಅಲ್ಲ. ಸಹಾಯವಾಣಿಗೆ ಬರೆದರೆ ಆ್ಯಪ್ ತೆಗೆದು ಮತ್ತೆ ಹಾಕಿಕೊಳ್ಳಿ ಎಂದರು. ಹಾಗೆ ಮಾಡಿದ್ದಕ್ಕೆ ಇಳಿಸಿಕೊಂಡದ್ದೆಲ್ಲ ಅಳಿಸಿಹೋಯಿತು.

ಆ ಪ್ರಶ್ನೆಗೆ ಉತ್ತರ 2 ಅರಸುಗಳು 17ರಲ್ಲಿದೆ. ಅಶ್ಶೂರದವರು ಸಮಾರ್ಯವನ್ನು ಗೆದ್ದು, ಜನರನ್ನು ಸೆರೆ ಒಯ್ದು, ಬೇರೆ ನಾಡಿನವರನ್ನು ತಂದು ಅಲ್ಲಿ ನೆಲೆಗೊಳಿಸಿದರು. ಹಾಗೆ ಬಂದವರು ತಮ್ಮ ದೇವರುಗಳನ್ನೂ ಯೆಹೋವನನ್ನೂ ಒಟ್ಟಿಗೆ ಪೂಜಿಸಿದರು. ಸಮಾರ್ಯದವರನ್ನು ಅವರ ಸಂತತಿ ಎಂದೇ ಯೆಹೂದ್ಯರು ನೋಡುತ್ತಿದ್ದರು. ಆರಾಧನೆಯ ಜಾಗ ಸಮಾರ್ಯದ ಗೆರಿಜೀಮ್ ಬೆಟ್ಟವೋ ಯೆರೂಸಲೇಮೋ ಎಂಬ ಜಗಳವೂ ಬೆಳೆಯಿತು. ಯೋಹಾನ 4:20ರಲ್ಲಿ ಆ ಹೆಂಗಸು ಎತ್ತುವುದು ಅದೇ ಮಾತು. ಇಂಥ ಜಾಡು ಹಿಡಿದು ಹೋಗಲಿಕ್ಕೇ ಅಲ್ವಾ ವ್ಯಾಖ್ಯಾನ ಬೇಕಾಗುವುದು?

ಆ್ಯಂಡ್ ಬೈಬಲ್‌ನಲ್ಲಿ ಒಮ್ಮೆ ಇಳಿಸಿಕೊಂಡರೆ ಮುಗಿಯಿತು. ಖಾತೆ ಬೇಡ, ಜಾಹೀರಾತು ಇಲ್ಲ, ಪೂರ್ತಿ ಉಚಿತ. ಪರದೆಯನ್ನು ಎರಡು ಮಾಡಿ ಮೇಲೆ ಕನ್ನಡ ಐಆರ್‌ವಿ (ಇಂಡಿಯನ್ ರಿವೈಸ್ಡ್ ವರ್ಷನ್) ಅನುವಾದ, ಕೆಳಗೆ ಮ್ಯಾಥ್ಯೂ ಹೆನ್ರಿ ಎಂಬ ಬೋಧಕರ ವ್ಯಾಖ್ಯಾನ ಇಟ್ಟುಕೊಳ್ಳುತ್ತೇನೆ. ಮೇಲೆ ವಚನ ಸರಿದಂತೆ ಕೆಳಗೆ ವ್ಯಾಖ್ಯಾನವೂ ಸರಿಯುತ್ತದೆ. ನನಗೆ ಅತಿ ಹೆಚ್ಚು ಉಪಯೋಗವಾದದ್ದು ಇದು.

ಕೊರತೆ ಇಲ್ಲವೆಂದಲ್ಲ. ನಾನು ಬಳಸುವ ವ್ಯಾಖ್ಯಾನಗಳು ಇಂಗ್ಲಿಷಿನವು, ಅದೂ ಹಳೆಯ ಇಂಗ್ಲಿಷ್. ಹೆನ್ರಿ 1714ರಲ್ಲಿ ತೀರಿಕೊಂಡಾಗ ಅಪೊಸ್ತಲರ ಕೃತ್ಯಗಳವರೆಗೆ ಮಾತ್ರ ಮುಗಿದಿತ್ತು. ರೋಮಾಪುರದವರಿಗೆ ಬರೆದ ಪತ್ರಿಕೆಯಿಂದ ಮುಂದಿನದು ಬೇರೆ ಬೋಧಕರು ಬರೆದದ್ದು. ಅದಕ್ಕೇ ಪತ್ರಿಕೆಗಳನ್ನು ಓದುವಾಗ 1871ರ ಜೇಮಿಸನ್, ಫಾಸೆಟ್, ಬ್ರೌನ್ ಅವರ ವ್ಯಾಖ್ಯಾನವನ್ನೂ ತೆರೆಯುತ್ತೇನೆ. ಅದು ಚುಟುಕಾಗಿದೆ, ಕೂಟದಲ್ಲಿ ಬೇಗ ನೋಡಿ ಹೇಳಲು ಸುಲಭ.

ಯೂವರ್ಷನ್ ಕನ್ನಡ ಅನುವಾದಗಳನ್ನು ಹೋಲಿಸಲು, ವಚನವನ್ನು ವಾಟ್ಸಾಪ್‌ಗೆ ಕಳಿಸಲು ಒಳ್ಳೆಯದು. ವಚನ ವಚನಕ್ಕೂ ವಿವರಣೆ ಬೇಕೆಂದರೆ ಅದು ಸಾಲದು.

ಕ್ಯಾಥೊಲಿಕರಿಗೆ ಒಂದು ಮಾತು: ಐಆರ್‌ವಿಯಲ್ಲಿ ಇರುವುದು 66 ಪುಸ್ತಕ, ನಿಮ್ಮ 73 ಇಲ್ಲ.

ಮನೆಯಲ್ಲಿ ವೈಫೈ ಇದ್ದು, ಒಬ್ಬರೇ ಕೂತು ಆಳವಾಗಿ ಓದುವವರಿಗೆ ಚಂದಾ ಆ್ಯಪ್ ಸರಿಹೋಗಬಹುದು. ನನ್ನ ಓದು ಕೂಟಕ್ಕಾಗಿ. ಅಲ್ಲಿರುವವರ ಫೋನಿಗೂ ನಾನೇ ಹಾಕಿಕೊಡಬೇಕು. ವರ್ಷ ವರ್ಷ ದುಡ್ಡು ಕಟ್ಟಿ ಎಂದು ಅವರಿಗೆ ಹೇಳಲಾರೆ.