ಬೆಲರೂಸಿನ ಕಸೂತಿ ಅಂಗಿ: ಕೊಳ್ಳುವ ಮುನ್ನ ಒಳಮೈ ತಿರುವಿ ನೋಡಿ

ಬೆಲರೂಸಿನ ಲಿನನ್ ಅಂಗಿ ‘ಕಶೂಲ್ಯ’ಕ್ಕೆ ಐದರಲ್ಲಿ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಅಗಸೆ ನಾರಿನ ಬಟ್ಟೆ ಮೊದಲಿಗೆ ಗಡುಸು. ನಾಲ್ಕೈದು ಸಲ ಒಗೆದ ಮೇಲೆ ಮೈಗೆ ಹಿತವಾಗುತ್ತದೆ. ಹೊಲಿಗೆಯೇ ಇದರ ಜೀವ. ಭುಜದ ಮೇಲೊಂದು ಆಯತದ ತುಂಡು, ಕಂಕುಳಲ್ಲಿ ‘ಲಾಸ್ತಾವ್ಕ’ ಎಂಬ ಪುಟ್ಟ ಚೌಕ. ಈ ಚೌಕ ಇಲ್ಲದಿದ್ದರೆ ಕೈ ಎತ್ತಿದಾಗ ಇಡೀ ಅಂಗಿ ಮೇಲೇರುತ್ತದೆ, ಕಂಕುಳ ಹೊಲಿಗೆ ಬಿಟ್ಟುಕೊಳ್ಳುತ್ತದೆ.

ಬಿಳಿಯ ಮೇಲಿನ ಕೆಂಪು ಕಸೂತಿ ಕೊರಳು, ತೋಳು, ಮಣಿಕಟ್ಟಿನಲ್ಲೇ ಏಕೆ? ಕೆಡುಕು ಒಳನುಗ್ಗದಂತೆ ಅಂಚಿಗೆ ಕಾವಲು ಎಂಬ ಹಳ್ಳಿಗರ ನಂಬಿಕೆ. ಎಳೆ ಎಣಿಸಿ ಕೈಯಲ್ಲಿ ಹಾಕಿದ್ದರೆ ಹಿಂಬದಿಯೂ ಅಚ್ಚುಕಟ್ಟು. ಹಾಳೆಯಂಥ ಬಿಳಿ ಪದರ ಅಂಟಿಕೊಂಡಿದ್ದರೆ ಬಹುಪಾಲು ಯಂತ್ರದ ಕೆಲಸ. ಚಿತ್ತಾರವನ್ನು ಅಚ್ಚೊತ್ತಿದ ‘ವಿಶಿಮಾಯ್ಕ’ ಟೀ ಶರ್ಟ್ ಬೇರೆಯೇ ಸರಕು, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಒಂದು ಅಂಕ ಕಡಿಮೆಯಾದದ್ದು ಬಣ್ಣಕ್ಕೆ: ಕೆಂಪು ದಾರ ಎಲ್ಲ ಅಂಗಿಯಲ್ಲೂ ಗಟ್ಟಿಯಿರುವುದಿಲ್ಲ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ, ಗುಲಾಬಿ ಹತ್ತಿದರೆ ಅಲ್ಲೇ ಬಿಟ್ಟುಬಿಡಿ. 30 ಡಿಗ್ರಿ ನೀರಲ್ಲಿ ಒಗೆದು, ತೇವವಿರುವಾಗಲೇ ಒಳಮಗ್ಗುಲಿಂದ ಇಸ್ತ್ರಿ ಮಾಡಿ. ಲಿನನ್ ಮೊದಲ ಒಗೆತಕ್ಕೆ ಕುಗ್ಗುತ್ತದೆ, ತೋಳು 2–3 ಸೆಂ.ಮೀ. ಉದ್ದವೇ ಇರಲಿ. ನೇಯ್ದ ನಡುಪಟ್ಟಿ ‘ಪೋಯಸ್’ ಕೂಡ ಜೊತೆಗೇ ಕೊಳ್ಳಿ. ಅದಿಲ್ಲದೆ ಈ ಉಡುಗೆ ಅರ್ಧವೇ.