ಉಪ್ಪುನೀರಿನ ತೊಟ್ಟಿಯ ಹಳೆಯ ಕಲ್ಲು: ನೀರಿನಲ್ಲಿಡುವುದೋ, ಒಣಗಿಸುವುದೋ?

ಕೋಲಾರದಂತಹ ಕಡಲಿಲ್ಲದ ಊರಿನಲ್ಲಿ ಉಪ್ಪುನೀರಿನ ಅಕ್ವೇರಿಯಂ ಬಿಚ್ಚಿದವರು ಅದರೊಳಗಿನ ಕಲ್ಲನ್ನು (ಹವಳದ ಅಸ್ಥಿಪಂಜರದಿಂದಾದ, ರಂಧ್ರಗಳಿರುವ ಕಲ್ಲು) ದಯವಿಟ್ಟು ಎಸೆಯಬಾರದು. ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿರುವುದರಿಂದ ಅಂತಹ ಕಲ್ಲನ್ನು ಕಡಲಿನಿಂದ ಕಿತ್ತು ತರುವಂತಿಲ್ಲ.

ಒಂದೆರಡು ತಿಂಗಳಲ್ಲೇ ತೊಟ್ಟಿಯನ್ನು ಮತ್ತೆ ಕಟ್ಟುವವರು ಕಲ್ಲನ್ನು ನೀರಿನಲ್ಲಿಡುವುದೇ ಲೇಸು. ಡ್ರಮ್ಮಿನಲ್ಲಿ 1.025 ಸಾಪೇಕ್ಷ ಸಾಂದ್ರತೆಯ ಉಪ್ಪುನೀರು ತುಂಬಿ, ಸಣ್ಣ ಪಂಪನ್ನು ನಿಲ್ಲಿಸದೆ ಓಡಿಸಿ, ಆಗಾಗ ಚಿಟಿಕೆ ಮೀನಿನ ಆಹಾರ ಉದುರಿಸುತ್ತಿದ್ದರೆ, ಅಮೋನಿಯಾವನ್ನು ನೈಟ್ರೇಟಾಗಿ ಬದಲಿಸುವ ಬ್ಯಾಕ್ಟೀರಿಯಾಗಳು ಬದುಕಿರುತ್ತವೆ. ಆವಿಯಾದಷ್ಟನ್ನು ಆರ್‌ಓ ನೀರಿನಿಂದಲೇ ತುಂಬಬೇಕು. ನಮ್ಮ ಕಡೆಯ ಕೊಳವೆಬಾವಿಯ ಗಡಸು ನೀರು ಇದಕ್ಕೆ ತಕ್ಕುದಲ್ಲ. ಕರೆಂಟು ಬಹಳ ಹೊತ್ತು ಹೋದರೆ ಈ ವಿಧಾನ ಕೈಕೊಡುತ್ತದೆ.

ವರ್ಷಗಟ್ಟಲೆ ಇಡುವುದಾದರೆ ಒಣಗಿಸುವುದೇ ಸರಿ. ಬ್ರಷ್ಷಿನಿಂದ ಉಜ್ಜಿ, ಸಿಹಿನೀರಿನಲ್ಲಿ ತೊಳೆದು, ತಾರಸಿಯ ಬಿಸಿಲಿನಲ್ಲಿ ಒಳಗಿನ ತೇವವೂ ಆರುವಂತೆ ಒಣಗಿಸಿದರೆ ಐಪ್ಟೇಸಿಯಾದಂತಹ (ಕುಟುಕುವ ಸಣ್ಣ ಕಡಲ ಹೂಪ್ರಾಣಿ, ಅಂದರೆ ಸೀ ಅನಿಮೋನ್) ಪೀಡೆಗಳೂ ಸಾಯುತ್ತವೆ. ಆದರೆ ಸತ್ತ ಜೀವಿಗಳ ಶೇಷ ರಂಧ್ರಗಳಲ್ಲೇ ಉಳಿಯುವುದರಿಂದ, ಮರುಬಳಕೆಗೆ ಮುನ್ನ ಕಲ್ಲನ್ನು ಬೇರೆ ಉಪ್ಪುನೀರಿನಲ್ಲಿ ವಾರಗಟ್ಟಲೆ ನೆನೆಸಿ, ಅಮೋನಿಯಾ ಇಳಿಯುವವರೆಗೂ ಫಾಸ್ಫೇಟ್ ತಗ್ಗುವವರೆಗೂ ನೀರು ಬದಲಿಸಬೇಕು.

ಮರಳನ್ನು ಮಾತ್ರ ನೀರಿನಲ್ಲಿ ಕೂಡಿಡಬೇಡಿ. ಗಾಳಿಯಾಡದ ತಳಪದರ ಕಪ್ಪಾಗಿ, ಕೆದಕಿದೊಡನೆ ಕೊಳೆತ ಮೊಟ್ಟೆಯ ನಾತ ಬಂದರೆ ಅದು ಮೀನುಗಳಿಗೆ ವಿಷವಾದ ಹೈಡ್ರೋಜನ್ ಸಲ್ಫೈಡ್. ಬಕೆಟ್ಟಿನಲ್ಲಿ ಕಲಕಿ, ನೀರು ತಿಳಿಯಾಗುವವರೆಗೆ ತೊಳೆದು ಒಣಗಿಸಬಹುದು. ತೊಳೆದ ಮೇಲೂ ನಾತ ಹೋಗದಿದ್ದರೆ ಹೊಸ ಮರಳನ್ನೇ ಕೊಳ್ಳುವುದು ಉತ್ತಮ.