ಗೋಡೆ ನಕ್ಷೆ, ಗ್ಲೋಬು, ಜೇಡಿಮಣ್ಣು: ನಮ್ಮ ಮನೆಪಾಠದಲ್ಲಿ ಯಾವುದು ನಡೆಯಿತು, ಯಾವುದು ಇಲ್ಲ

ಮಗಳಿಗೆ ಆಗ ಏಳು ವರ್ಷ, ಮಗನಿಗೆ ಐದು. ಬೈಬಲ್ಲಿನ ಯೋನನ ಕಥೆ ಓದಿ ಮುಗಿಸಿದ ಮೇಲೆ ಸುಮ್ನೆ ಕೇಳಿದೆ, "ನಿನೆವೆ ಎಲ್ಲಿದೆ, ತೋರಿಸಿ ನೋಡೋಣ?" ಮಗಳು ಬೈಬಲ್ಲಿನ ಕೊನೆಗೆ ಅಂಟಿಸಿದ್ದ ನಕ್ಷೆ ತೆಗೆದಳು. "ಅಲ್ಲಲ್ಲ, ಗ್ಲೋಬಲ್ಲಿ ತೋರಿಸು" ಅಂದೆ. ಅವಳು ನನ್ನ ಮುಖ ನೋಡಿ, "ಅಮ್ಮಾ, ಗ್ಲೋಬಲ್ಲಿ ಬೈಬಲ್ ಊರುಗಳು ಇರಲ್ಲ" ಅಂದಳು.

ಒಂದು ವರ್ಷದಿಂದ ಭೂಗೋಳ ಕಲಿಸ್ತಾ ಇದ್ದೀನಿ ಅಂತ ನಾನು ಬೀಗುತ್ತಿದ್ದೆ! ಅವಳ ತಲೆಯಲ್ಲಿ ಎರಡು ಭೂಮಿ ಇದ್ದವು. ನಾವಿರುವುದು ಒಂದು, ಅಬ್ರಹಾಮ, ಯೋನ, ಯೇಸು, ಪೌಲ ನಡೆದಾಡಿದ್ದು ಇನ್ನೊಂದು. ರಾಜಕುಮಾರಿ ಕಥೆಯ ಊರಿಗೂ ಯೆರೂಸಲೇಮಿಗೂ ಅವಳಿಗೆ ವ್ಯತ್ಯಾಸವೇ ಇರಲಿಲ್ಲ. ಇದು ನನಗೆ ಭೂಗೋಳದ ತಪ್ಪಿಗಿಂತ ದೊಡ್ಡದಾಗಿ ಕಂಡಿತು. ಆಮೇಲಿನ ಎರಡು ವರ್ಷ ಒಂದಾದ ಮೇಲೊಂದು ದಾರಿ ಹಿಡಿದು ನೋಡಿದೆ. ಮಗು ಎಷ್ಟು ಹೆಸರು ಒಪ್ಪಿಸುತ್ತದೆ ಎಂಬುದನ್ನು ಲೆಕ್ಕಕ್ಕೆ ಇಡಲಿಲ್ಲ. ಆ ಎರಡು ಭೂಮಿ ಒಂದಾಗುತ್ತಾ ಇಲ್ವಾ, ಅಷ್ಟನ್ನೇ ನೋಡಿದೆ.

ಮೊದಲು ಗೋಡೆ ನಕ್ಷೆ. ಇದರ ದೊಡ್ಡ ಗುಣ ಏನೆಂದರೆ ಅದು ಅಲ್ಲೇ ಇರುತ್ತದೆ. ಊಟ ಮಾಡುವಾಗ, ಪ್ರಾರ್ಥನೆಗೆ ಕೂತಾಗ, ಮಕ್ಕಳು ಜಗಳವಾಡಿ ಮುಖ ತಿರುಗಿಸಿ ನಿಂತಾಗಲೂ ಕಣ್ಣೆದುರಿಗೆ ಇರುತ್ತದೆ. ಯಾರಿಗಾಗಿಯಾದರೂ ಪ್ರಾರ್ಥಿಸುವಾಗ ಅವರಿರುವ ದೇಶದ ಮೇಲೆ ಕೈಯಿಡುವ ಅಭ್ಯಾಸ ನಮಗೆ ಬಂದಿದ್ದು ಇದರಿಂದಲೇ. ಆದರೆ ನಮ್ಮಲ್ಲಿದ್ದದ್ದು ಮರ್ಕೇಟರ್ ಬಗೆಯ ನಕ್ಷೆ. ಅದರಲ್ಲಿ ಗ್ರೀನ್‌ಲ್ಯಾಂಡ್ ಹೆಚ್ಚುಕಡಿಮೆ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜಕ್ಕೂ ಆಫ್ರಿಕಾ ಅದರ ಸುಮಾರು 14 ಪಟ್ಟು ದೊಡ್ಡದು. ನಕ್ಷೆಗಾರ ಮರ್ಕೇಟರ್ 1569ರಲ್ಲಿ ಇದನ್ನು ಮಾಡಿದ್ದು ನಾವಿಕರಿಗಾಗಿ. ದಿಕ್ಸೂಚಿ ಹಿಡಿದು ಒಂದೇ ದಿಕ್ಕಿನಲ್ಲಿ ಸಾಗುವ ಹಡಗಿನ ದಾರಿ ಅದರಲ್ಲಿ ನೇರ ಗೆರೆಯಾಗಿ ಬರುತ್ತದೆ, ಅದಕ್ಕೆ. ಮಕ್ಕಳ ಕೋಣೆಗಾಗಿ ಅಂತೂ ಅಲ್ಲ. (ಅದೇ ಮರ್ಕೇಟರ್ 1537ರಲ್ಲಿ ಮೊದಲು ಮಾಡಿದ್ದು ಪವಿತ್ರ ನಾಡಿನ ನಕ್ಷೆ ಅಂತ ತಿಳಿದ ಮೇಲೆ ನನ್ನ ಸಿಟ್ಟು ಸ್ವಲ್ಪ ಇಳಿಯಿತು.)

ಮಗನ ಕಷ್ಟ ಬೇರೆ. ನಕ್ಷೆಯ ಬಲ ಅಂಚಿಗೆ ಆಟದ ಹಡಗು ತಂದು ನಿಲ್ಲಿಸಿ, "ಇಲ್ಲಿಂದ ಮುಂದೆ ಹೋದ್ರೆ ಕೆಳಗೆ ಬೀಳುತ್ತಾ?" ಅಂದ. ನಾನು ಎಷ್ಟು ಹೇಳಿದರೂ ಕಾಗದ ಅಲ್ಲಿಗೆ ಮುಗಿದಿತ್ತು, ಪಾಪ ಅವನೇನು ಮಾಡುತ್ತಾನೆ?

ಐದು ವರ್ಷದ ಮಗುವಿಗೆ ನಕ್ಷೆ ಕೊಡುವ ಮೊದಲು ಇನ್ನೊಂದು ಹೆಜ್ಜೆ ಇದೆ, ಅದನ್ನು ನಾನು ಹಾರಿಬಿಟ್ಟಿದ್ದೆ. 'ಮೇಲಿನಿಂದ ನೋಡಿದ ಹಾಗೆ' ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ. ಮೇಜು ಬರಿ ಅಂದರೆ ನಾಲ್ಕು ಕಾಲು ಬರೆಯುತ್ತಿದ್ದ. ನೆಲದ ಮೇಲೆ ಬಟ್ಟಲು, ಪುಸ್ತಕ, ಚಪ್ಪಲಿ ಇಟ್ಟು ಅವನನ್ನು ಕುರ್ಚಿ ಮೇಲೆ ನಿಲ್ಲಿಸಿದೆ. ಅಲ್ಲಿಂದ ಕಂಡದ್ದನ್ನು ಬರೆದ. ಬಟ್ಟಲು ಬರೀ ಒಂದು ಸುತ್ತು ಆಯಿತು. ಆವತ್ತೇ ಅವನಿಗೆ ನಕ್ಷೆ ಅಂದರೇನು ಅಂತ ಅರ್ಥವಾದದ್ದು. ಆಮೇಲೆ ಕೋಣೆ, ಮನೆ, ಬೀದಿ ಬರೆಸಿದೆ. ಮನೆಯಿಂದ ಶುರುಮಾಡಿ ಹೊರಗೆ ಹೋಗುವ ಈ ಕ್ರಮ ಚಿಕ್ಕವನಿಗೆ ಚೆನ್ನಾಗಿ ಹಿಡಿಸಿತು. ಆದರೆ ಬೀದಿ ದಾಟಿದ ಮೇಲೆ ಯೆರೂಸಲೇಮ್ ಬರುವಷ್ಟರಲ್ಲಿ ಅವನಿಗೆ ಮೀಸೆ ಬಂದಿರುತ್ತದೆ. ಅದಕ್ಕೇ ಇದೊಂದನ್ನೇ ನಂಬಿ ಕೂರಲಿಲ್ಲ.

ಗ್ಲೋಬು ಕೈಗೆ ಬಂದ ದಿನ ಹಡಗು ಬೀಳುವ ಪ್ರಶ್ನೆ ತಾನಾಗೇ ಹೋಯಿತು. ಮಗ ಹಡಗು ಹಿಡಿದು ಸುತ್ತಿದ, ಸುತ್ತಿದ, ಎಲ್ಲೂ ಬೀಳಲಿಲ್ಲ. ಮಗಳು ಬೈಬಲ್ಲಿನ ಕೀರ್ತನೆ 103 ಬಾಯಿಪಾಠ ಮಾಡುತ್ತಿದ್ದ ಕಾಲ ಅದು. ದೇವರು ನಮ್ಮ ಪಾಪಗಳನ್ನು ಪೂರ್ವಕ್ಕೂ ಪಶ್ಚಿಮಕ್ಕೂ ಇರುವಷ್ಟು ದೂರ ಮಾಡಿದ್ದಾನೆ ಎಂಬ ಮಾತು ಅದರಲ್ಲಿದೆ ಅಲ್ವಾ? ಉತ್ತರಕ್ಕೆ ಬೆರಳು ಓಡಿಸಿದರೆ ಧ್ರುವ ದಾಟಿದ ಕೂಡಲೇ ದಕ್ಷಿಣಕ್ಕೆ ಇಳಿಯುತ್ತದೆ. ಪೂರ್ವಕ್ಕೆ ಓಡಿಸಿದರೆ ಪಶ್ಚಿಮ ಸಿಗುವುದೇ ಇಲ್ಲ. ಪ್ರಸಂಗಗಳಲ್ಲಿ ಎಷ್ಟೋ ಸಲ ಕೇಳಿದ ಮಾತು. ಬೆರಳಿಟ್ಟು ನೋಡಿದ್ದು ಅವಳೂ ನಾನೂ ಅದೇ ಮೊದಲು.

ತಕ್ಷಣ ಮಗ ಇನ್ನೊಂದು ಎತ್ತಿದ. "ಹಾಗಾದ್ರೆ ಭೂಮಿಯ ನಾಲ್ಕು ಮೂಲೆ ಅಂತ ಬೈಬಲ್ಲಲ್ಲಿ ಇದೆಯಲ್ಲಾ, ಮೂಲೆ ಎಲ್ಲಿ?" ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಉತ್ತರ ಕೊಟ್ಟಳು, "ಮದುವೆಗೆ ಮೂಲೆ ಮೂಲೆಯಿಂದ ಜನ ಬಂದ್ರು ಅಂತೀವಲ್ಲಾ, ಹಾಗೆ ಕಣೋ!"

ಯೋನನ ಪ್ರಶ್ನೆಗೂ ಉತ್ತರ ಇಲ್ಲೇ ಸಿಕ್ಕಿತು. ಬೈಬಲ್ಲಿನ ಹಿಂದಿನ ನಮ್ಮ ನಕ್ಷೆಯಲ್ಲಿ ನಿನೆವೆ ಒಂದು ಪುಟದಲ್ಲಿ, ಯೋನ ಹಡಗು ಹತ್ತಿದ ಯೊಪ್ಪ ಇನ್ನೊಂದು ಪುಟದಲ್ಲಿ. ಗ್ಲೋಬಿನಲ್ಲಿ ಎರಡೂ ಒಂದೇ ಕಡೆ ಸಿಕ್ಕವು. ನಿನೆವೆಯ ಅವಶೇಷಗಳು ಇರುವುದು ಈಗಿನ ಇರಾಕಿನ ಮೋಸುಲ್ ಹತ್ತಿರ, ಅಂದರೆ ಯೊಪ್ಪದಿಂದ ಪೂರ್ವಕ್ಕೆ, ನೆಲದ ದಾರಿ. ದೇವರು ನಿನೆವೆಗೆ ಹೋಗು ಅಂದಿದ್ದರೂ ಯೋನ ಹತ್ತಿದ್ದು ಪಶ್ಚಿಮದ ಸಮುದ್ರದ ಹಡಗು. ಮಗಳು ಎರಡು ಬೆರಳು ಎರಡು ಕಡೆಗೆ ಓಡಿಸಿ, "ಬೆನ್ನು ತಿರುಗಿಸಿ ಓಡಿಹೋದ!" ಅಂತ ನಕ್ಕಳು. ಅದು ವಿಧೇಯತೆಯ ಪಾಠ ಅಂತ ನಾನು ಬಾಯಲ್ಲಿ ಹೇಳಬೇಕಾಗಲೇ ಇಲ್ಲ.

ಹಾಗಂತ ಗ್ಲೋಬಿಗೇ ಮಾಲೆ ಹಾಕಿ ಕೂರಲೂ ಆಗುವುದಿಲ್ಲ. ನಮ್ಮದು 30 ಸೆಂಟಿಮೀಟರ್ ಅಗಲದ್ದು. ಅದರ ಮೇಲೆ ಗಲಿಲಾಯದಿಂದ ಯೆರೂಸಲೇಮಿಗೆ 3 ಮಿಲಿಮೀಟರೂ ಇಲ್ಲ. ಸುವಾರ್ತೆಗಳೆಲ್ಲ ನಡೆದ ಜಾಗ ಮಗುವಿನ ಉಗುರಿನ ಕೆಳಗೆ ಮುಚ್ಚಿಹೋಗುತ್ತದೆ.

ಅದಕ್ಕಾಗಿ ಬೈಬಲ್ಲಿನ ಹಿಂದಿನ ನಕ್ಷೆಗೇ ಮತ್ತೆ ಬಂದೆ, ಈ ಸಲ ಒಂದು ಉಪಾಯ ಮಾಡಿಕೊಂಡು. ಪಾರದರ್ಶಕ ಹಾಳೆಯ ಮೇಲೆ ಈಗಿನ ದೇಶಗಳ ಗಡಿ ಬರೆದು, ಸುವಾರ್ತೆ ಸಾರುತ್ತಾ ಊರೂರು ತಿರುಗಿದ ಪೌಲನ ಪ್ರಯಾಣದ ನಕ್ಷೆಯ ಮೇಲೆ ಹೊದಿಸಿದೆ. ಪೌಲನ ಊರು ತಾರ್ಸ ಟರ್ಕಿಯೊಳಗೆ ಬಂತು. ಥೆಸಲೋನಿಕ ಗ್ರೀಸಿನಲ್ಲಿ, ಇವತ್ತಿಗೂ ಹೆಚ್ಚುಕಡಿಮೆ ಅದೇ ಹೆಸರಿನಲ್ಲಿದೆ. ಪೌಲನಿದ್ದ ಹಡಗು ಒಡೆದು 276 ಜನ ದಡ ಸೇರಿದ ಮೆಲೀತೆ ಅಂದರೆ ಮಾಲ್ಟಾ. ನನಗೇ ಪಾಠವಾದದ್ದು ಆಸ್ಯಸೀಮೆ. ಮಗಳು ಅದನ್ನು ಏಷ್ಯಾ ಖಂಡ ಅಂದುಕೊಂಡು, ಪೌಲ ಚೀನಾಕ್ಕೂ ಹೋಗಿದ್ದ ಅಂತ ನಂಬಿದ್ದಳು. ಅದು ರೋಮನ್ನರ ಒಂದು ಪ್ರಾಂತ್ಯ, ಈಗಿನ ಟರ್ಕಿಯ ಪಶ್ಚಿಮದ ತುಂಡು. ಬೈಬಲ್ಲಿನ ಕೊನೆಯ ಪುಸ್ತಕವಾದ ಪ್ರಕಟನೆಯಲ್ಲಿ ಬರುವ ಏಳು ಸಭೆಗಳೂ ಆ ತುಂಡಿನಲ್ಲೇ ಇದ್ದವು. ಬೈಬಲ್ಲಿನ ಐಥಿಯೋಪ್ಯದ್ದೂ ಹೀಗೇ: ಫಿಲಿಪ್ಪನಿಗೆ ರಥದಲ್ಲಿ ಸಿಕ್ಕ ಅಧಿಕಾರಿಯ ನಾಡು ಈಗಿನ ಸುಡಾನಿನಲ್ಲಿತ್ತು. ಹೆಸರು ಒಂದೇ ಇದ್ದರೆ ಜಾಗವೂ ಒಂದೇ ಅಂದುಕೊಳ್ಳುವ ಅಭ್ಯಾಸ ಈ ಹಾಳೆಯಿಂದ ತಪ್ಪಿತು. ಕಾಸಿಲ್ಲದ ಕೆಲಸ, ಲಾಭ ಮಾತ್ರ ಜಾಸ್ತಿ.

ಆದರೆ ಆ ಹಾಳೆ ಒಂದು ಕಡೆ ಸೋತಿತು. ಯೇಸು ಗಲಿಲಾಯದ ಕಪೆರ್ನೌಮಿನಿಂದ ಯೆರೂಸಲೇಮಿಗೆ 'ಏರಿ ಹೋದನು' ಅಂತ ಓದಿದೆವು. ಮಗಳು ನಕ್ಷೆ ನೋಡಿ, "ತಪ್ಪು ಬರೆದಿದ್ದಾರೆ, ಕೆಳಗೆ ಹೋಗಿದ್ದು" ಅಂದಳು. ಕಾಗದದಲ್ಲಿ ಗಲಿಲಾಯ ಮೇಲೆ, ಯೆರೂಸಲೇಮ್ ಕೆಳಗೆ. ಅವಳ ಮಾತು ಕಾಗದದ ಮಟ್ಟಿಗೆ ಸರಿಯೇ!

ಇದಕ್ಕೆ ಮೈದಾಹಿಟ್ಟು, ಉಪ್ಪು ಕಲಸಿ ನಕ್ಷೆ ಮಾಡಿದೆವು. ಎರಡು ಪಾಲು ಹಿಟ್ಟು, ಒಂದು ಪಾಲು ಉಪ್ಪು, ಹಿಡಿಸುವಷ್ಟು ನೀರು. ಒಣಗಿಸಿ ಬಣ್ಣ ಹಚ್ಚಿದಾಗ ಎಷ್ಟು ಚೆನ್ನಾಗಿತ್ತೆಂದರೆ ನಾನೇ ಎರಡು ಫೋಟೋ ತೆಗೆದೆ. ಆಮೇಲೆ ಯೊರ್ದನ್ ನದಿ ಹರಿಯಲಿ ಅಂತ ಮಗ ಒಂದು ಲೋಟ ನೀರು ಸುರಿದ. ಬಣ್ಣ ಕರಗಿತು, ಸ್ವಲ್ಪ ಹೊತ್ತಿನಲ್ಲಿ ಗಲಿಲಾಯ ಅಂಟಂಟು ಗಂಜಿಯಾಯಿತು. ಇಬ್ಬರೂ ಅತ್ತರು. ಪ್ರದರ್ಶನಕ್ಕಿಡಲು ಹಿಟ್ಟಿನ ನಕ್ಷೆ ಸರಿ, ಆಟಕ್ಕಲ್ಲ.

ಮುಂದಿನ ವಾರ ದೊಡ್ಡ ತಟ್ಟೆಯಲ್ಲಿ ಹಸಿ ಜೇಡಿಮಣ್ಣು ದಪ್ಪಗೆ ತುಂಬಿದೆ. ಮೆಡಿಟರೇನಿಯನ್ ಸಮುದ್ರದ ಮಟ್ಟಕ್ಕೆ ಒಂದು ಗೆರೆ ಎಳೆದೆ. ಒಂದು ಬೆರಳಿನ ದಪ್ಪ ಅಂದರೆ 250 ಮೀಟರ್ ಅಂತ ಲೆಕ್ಕ ಇಟ್ಟುಕೊಂಡೆವು. ಯೆರೂಸಲೇಮ್ ಸುಮಾರು 750 ಮೀಟರ್ ಎತ್ತರ, ಹಾಗಾಗಿ ಗೆರೆಯಿಂದ ಮೂರು ಬೆರಳು ಮೇಲೆ. ಯೆರಿಕೋ ಒಂದು ಬೆರಳು ಕೆಳಗೆ. ಗಲಿಲಾಯ ಸಮುದ್ರ (ಹೆಸರಿಗೆ ಸಮುದ್ರ, ನಿಜಕ್ಕೂ ಕೆರೆ) 210 ಮೀಟರ್ ಕೆಳಗೆ, ಒಂದು ಬೆರಳಿಗೆ ಸ್ವಲ್ಪ ಕಮ್ಮಿ. ಲವಣ ಸಮುದ್ರಕ್ಕೆ, ಅಂದರೆ ಮೃತ ಸಮುದ್ರಕ್ಕೆ, ಹೆಚ್ಚುಕಡಿಮೆ ಎರಡು ಬೆರಳು ಅಗೆಯಬೇಕಾಯಿತು.

ಮಗಳು ಗಲಿಲಾಯದಲ್ಲಿ ಬೆರಳಿಟ್ಟು ಯೆರೂಸಲೇಮಿನವರೆಗೆ ನಡೆಸಿದಳು. ಬೆರಳು ಏರಿತು. ಏನೂ ಹೇಳಲಿಲ್ಲ, ಇನ್ನೊಂದು ಸಲ ನಡೆಸಿದಳು. ಆಮೇಲೆ ಯೆರೂಸಲೇಮಿನಿಂದ ಯೆರಿಕೋಗೆ ಬೆರಳು ಜಾರಿಸಿ, "ಅದಕ್ಕೇ ಇಳಿದು ಹೋಗ್ತಿದ್ದ ಅಂತ ಇರೋದು" ಅಂದಳು, ಒಳ್ಳೆಯ ಸಮಾರ್ಯದವನ ಕಥೆಯಲ್ಲಿ ಕಳ್ಳರ ಕೈಗೆ ಸಿಕ್ಕವನನ್ನು ನೆನೆಸಿಕೊಂಡು. ಸುಮಾರು 25 ಕಿಲೋಮೀಟರಿನಲ್ಲಿ 1000 ಮೀಟರ್ ಇಳಿಯುವ ಬೆಟ್ಟದ ದಾರಿ ಅದು. ಕಳ್ಳರು ಅಡಗಲು ಎಲ್ಲಿ ಬಂಡೆ ಇಡಬೇಕು ಅಂತ ಮಗ ಆಗಲೇ ಕಲ್ಲು ಹುಡುಕಲು ಹೋಗಿದ್ದ.

ಈ ಸಲ ನೀರು ನಿಂತಿತು. ಗಲಿಲಾಯ ತುಂಬಿ, ಯೊರ್ದನ್ ಹರಿದು, ಲವಣ ಸಮುದ್ರ ಸೇರಿ ಅಲ್ಲೇ ಉಳಿಯಿತು. ಅಲ್ಲಿಂದ ಹೊರಗೆ ಹೋಗಲು ದಾರಿಯೇ ಇಲ್ಲ. ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಬೇರೆ ಸಮುದ್ರಗಳಿಗಿಂತ ಸುಮಾರು ಹತ್ತು ಪಟ್ಟು ಉಪ್ಪು. ಜೋರ್ಡಾನ್ ದೇಶದ ಮಾದಬದಲ್ಲಿ, ಒಂದು ಚರ್ಚಿನ ನೆಲದ ಮೇಲೆ 6ನೇ ಶತಮಾನದ ಮೊಸಾಯಿಕ್ ನಕ್ಷೆ, ಅಂದರೆ ಬಣ್ಣದ ಚೂರುಗಳನ್ನು ಜೋಡಿಸಿ ಮಾಡಿದ ನಕ್ಷೆ, ಇದೆ. ಅದರಲ್ಲಿ ಯೊರ್ದನಿನ ಮೀನೊಂದು ಲವಣ ಸಮುದ್ರದ ಬಾಯಿಯಿಂದ ಹಿಂದಕ್ಕೆ ತಿರುಗಿ ಈಜುತ್ತಿದೆ. ಅದರ ಚಿತ್ರ ತೋರಿಸಿದ್ದೇ ತಡ, ಮಗ ಮಣ್ಣಿನ ಮೀನು ಮಾಡಿ ತಿರುಗಿಸಿಟ್ಟ.

ಮಿಷನರಿಗಳ ಕಥೆಯ ಜೊತೆ ಗ್ಲೋಬಿನ ಮೇಲೆ ದಾರ ಎಳೆಯುವುದನ್ನೂ ಮಾಡಿದೆವು. ವಿಲಿಯಂ ಕೇರಿಯವರು 1793ರಲ್ಲಿ ಇಂಗ್ಲೆಂಡಿನಿಂದ ಬಂಗಾಳಕ್ಕೆ ಐದು ತಿಂಗಳು ಹಡಗಿನಲ್ಲಿ ಬಂದರು. ದಾರ ಆಫ್ರಿಕಾದ ತುದಿ ಸುತ್ತಿ ಬರುವುದನ್ನು ನೋಡಿ, "ಇಲ್ಲಿ ಹತ್ತಿರ ದಾರಿ ಇದೆಯಲ್ಲಾ" ಅಂತ ಮಗಳು ಈಜಿಪ್ಟ್ ತೋರಿಸಿದಳು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಹೀಗೆ ಇತಿಹಾಸವೂ ಒಳಗೆ ಬಂತು. ಕೇರಿಯವರು ಚಪ್ಪಲಿ ಹೊಲಿಯುತ್ತಿದ್ದ ಕಾಲದಲ್ಲಿ ತಾವೇ ಮಾಡಿದ ಜಗತ್ತಿನ ನಕ್ಷೆಯನ್ನು ಗೋಡೆಗೆ ಹಾಕಿಕೊಂಡಿದ್ದರು, ಆದ್ದರಿಂದ ಗೋಡೆ ನಕ್ಷೆಯನ್ನು ನಾನು ಜಾಸ್ತಿ ಬೈಯುವ ಹಾಗಿಲ್ಲ. ಈ ದಾರಿಯ ದೋಷ ಇನ್ನೊಂದು. ಕಥೆ ಯಾವಾಗಲೂ ಹೋದವರದ್ದೇ, ಅಲ್ಲಿ ಇದ್ದವರದ್ದಲ್ಲ. ಮಗಳಿಗೆ ಆಫ್ರಿಕಾ ಅಂದರೆ ಲಿವಿಂಗ್‌ಸ್ಟನ್ ನಡೆದ ಕಾಡು ಅಷ್ಟೇ ಆಗತೊಡಗಿತು. ಇಂಗ್ಲೆಂಡಿಗೆ ಸುವಾರ್ತೆ ಸಾರಲು ಕ್ಯಾಂಟರ್ಬರಿಯ ಅಗಸ್ಟೀನ್ ಹೋಗುವುದಕ್ಕೆ ಎರಡು ಶತಮಾನ ಮೊದಲೇ, 4ನೇ ಶತಮಾನದಲ್ಲಿ, ಈಗಿನ ಐಥಿಯೋಪಿಯಾದ ಅಕ್ಸುಮಿನ ರಾಜ ಎಜಾನ ಕ್ರೈಸ್ತನಾಗಿದ್ದ. ಆ ಕಥೆ ಹೇಳಿದ ಮೇಲೆ ತಕ್ಕಡಿ ಸರಿಯಾಯಿತು.

ಉಳಿದವುಗಳ ಬಗ್ಗೆ ಹೇಳಲು ಹೆಚ್ಚಿಲ್ಲ. ಖಂಡಗಳ ಪಜಲ್ ಮಕ್ಕಳಿಗೆ ತುಂಬಾ ಇಷ್ಟ. ಮಗ ಬಣ್ಣ ನೋಡಿ ಜೋಡಿಸುತ್ತಾನೆ, ಹಸಿರು ತುಂಡು ಅನ್ನುತ್ತಾನೆಯೇ ಹೊರತು ಬ್ರೆಜಿಲ್ ಅನ್ನುವುದಿಲ್ಲ. ರಾಜಧಾನಿಗಳ ಹಾಡು ಎರಡು ವಾರ ಮನೆ ತುಂಬಾ ಕೇಳಿತು, ಮೂರನೇ ವಾರ ಅರ್ಧ ಮರೆತುಹೋಯಿತು. ಫೋನಿನ ಉಪಗ್ರಹ ನಕ್ಷೆಯಲ್ಲಿ ಗಲಿಲಾಯ ಕೆರೆ ಕಂಡಾಗ "ಇದು ನಿಜವಾಗ್ಲೂ ಇದೆ!" ಅಂತ ಇಬ್ಬರೂ ಕೂಗಿದ್ದು ಹೌದು. ಐದು ನಿಮಿಷ ಕಳೆದ ಮೇಲೆ ನಮ್ಮದೇ ಮನೆಯ ಛಾವಣಿ ಹುಡುಕುತ್ತಾ ಕೂತರು, ಅಷ್ಟೇ.

ಎರಡೇ ಇಟ್ಟುಕೋ ಅಂದರೆ ಗ್ಲೋಬು, ಜೇಡಿಮಣ್ಣು ಇಟ್ಟುಕೊಳ್ಳುತ್ತೇನೆ. ಮೂರನೆಯದಕ್ಕೆ ಜಾಗ ಇದ್ದರೆ ಪಾರದರ್ಶಕ ಹಾಳೆ. ಗೋಡೆ ನಕ್ಷೆ ಪ್ರಾರ್ಥನೆಗೆ ಬೇಕು, ಅದನ್ನು ತೆಗೆದಿಲ್ಲ. ಆದರೆ ಮಗಳು ಗ್ರೀನ್‌ಲ್ಯಾಂಡ್ ಮೇಲೆ ಪೆನ್ಸಿಲಿನಲ್ಲಿ 'ಸುಳ್ಳು' ಅಂತ ಬರೆದಿದ್ದಾಳೆ. ಅಳಿಸಿಲ್ಲ.